ಪರಮಾಣುಗಳ ಜಮಾಖರ್ಚು

ಅಡುಗೆ ಅನಿಲದ ಒಲೆಯನ್ನು ಹೊತ್ತಿಸಿ, ತಣ್ಣೀರು ತುಂಬಿದ ಪಾತ್ರೆಯೊಂದನ್ನು ಅದರ ಮೇಲಿಟ್ಟೊಡನೆಯೇ ಪಾತ್ರೆಯ ಹೊರಮೈಯಲ್ಲಿ ತೆಳುವಾದ ಮಂಜು ಕವಿಯುವುದನ್ನೂ, ಅದು ಕ್ಷಣಕಾಲ ನಿಂತು ಮಾಯವಾಗುವುದನ್ನೂ ನಮ್ಮಲ್ಲಿ ಅನೇಕರು ನೋಡಿರಬಹುದು. ಪಾತ್ರೆಯೇನೂ ಸೋರುತ್ತಿಲ್ಲ. ಒಳಗಿನ ನೀರು ಇನ್ನೂ ಬೆಚ್ಚಗೆ ಕೂಡ ಆಗಿಲ್ಲ. ಹಾಗಾದರೆ ಈ ತೇವ ಎಲ್ಲಿಂದ ಬಂದಿತು? ಬೆಂಕಿಯಿಂದಲೇ ಬಂದಿತು ಎಂದರೆ ನಂಬುವುದು ಕಷ್ಟ. ಆದರೆ ನಿಜವಾದ ಉತ್ತರ ಅದೇ.

ನಮ್ಮ ದೇಶದ ಮನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದು ಬರಿದಾಗುವ ವೇಳೆಗೆ ಒಲೆಯಿಂದ ಹೊರಬಿದ್ದ ನೀರಾವಿಯ ತೂಕ ಸುಮಾರು 22 ಕಿಲೋಗ್ರಾಂ. ಅದರೊಡನೆ ಹೊರಟ ಇಂಗಾಲದ ಡೈಆಕ್ಸೈಡಿನ ತೂಕ ಸುಮಾರು 43 ಕಿಲೋಗ್ರಾಂ. ಹದಿನಾಲ್ಕು ಕಿಲೋಗ್ರಾಂ ತಂದು ಉರಿಸಿದವರಿಗೆ ಅರವತ್ತೈದು ಕಿಲೋಗ್ರಾಂ ದೊರೆಯಿತೆಂದರೆ, ಉಳಿದ ಐವತ್ತೊಂದು ಕಿಲೋಗ್ರಾಂ ಸರಕನ್ನು ಒಲೆಗೆ ತಂದುಕೊಟ್ಟವರು ಯಾರು? ಈ ಲೆಕ್ಕವನ್ನು ತಿಳಿಯುವುದಕ್ಕಾಗಿ ಯಾರೂ ಹೊಗೆಯನ್ನು ಹಿಡಿದು ತಕ್ಕಡಿಗೆ ಹಾಕಬೇಕಾಗಿಲ್ಲ. ರಸಾಯನಶಾಸ್ತ್ರವನ್ನು ಬಲ್ಲವನು ಕಾಗದದ ಮೇಲೆ ಒಂದು ಸಾಲು ಬರೆದು ಅದನ್ನು ತೋರಿಸಿಕೊಡುತ್ತಾನೆ. ಆ ಸಾಲಿಗೆ ರಾಸಾಯನಿಕ ಸಮೀಕರಣವೆಂದು ಹೆಸರು.

ಸೂತ್ರಗಳು ಮತ್ತು ಸಮೀಕರಣಗಳೆಂದರೆ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಬಾಯಿಪಾಠದ ವಿಷಯ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು, ಪರೀಕ್ಷೆಯ ಮರುದಿನ ಮರೆತುಬಿಡುವಂಥದು. ಆದರೆ ಆ ಸಾಲಿನಲ್ಲಿ ಬರುವ ಅಂಕಿಗಳೆಲ್ಲ ಒಂದೇ ಜಾತಿಯವಲ್ಲ. ಕೆಲವನ್ನು ನಾವು ಬದಲಾಯಿಸಬಹುದು, ಕೆಲವನ್ನು ಬದಲಾಯಿಸಕೂಡದು. ಈ ಭೇದವೊಂದನ್ನು ಮನಸ್ಸಿನಲ್ಲಿ ದೃಢಪಡಿಸಿಕೊಂಡರೆ ಉರು ಹೊಡೆಯುವ ಅವಶ್ಯಕತೆಯೇ ಬೀಳುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಮನೆಯ ಒಲೆ ನಮಗೆ ಯಾವಾಗ ಮಿತ್ರ, ಯಾವಾಗ ಶತ್ರು ಎಂಬುದೂ ಅದರಿಂದಲೇ ತಿಳಿದುಬರುತ್ತದೆ.

ಸಂಕೇತಗಳ ಕಥೆ

ಪದಾರ್ಥಗಳನ್ನು ಚಿಹ್ನೆಗಳಿಂದ ಗುರುತಿಸುವ ಪದ್ಧತಿ ಬಹಳ ಹಳೆಯದು. ಯೂರೋಪಿನ ರಸವಾದಿಗಳು ಚಿನ್ನಕ್ಕೆ ಸೂರ್ಯನ ಚಿಹ್ನೆಯನ್ನೂ ಬೆಳ್ಳಿಗೆ ಚಂದ್ರನ ಚಿಹ್ನೆಯನ್ನೂ ಬರೆಯುತ್ತಿದ್ದರು. ಆಧುನಿಕ ಪರಮಾಣುವಾದವನ್ನು ಸ್ಥಾಪಿಸಿದ ಇಂಗ್ಲೆಂಡಿನ ಜಾನ್ ಡಾಲ್ಟನ್ 1808ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದೊಂದು ಜಾತಿಯ ಪರಮಾಣುವಿಗೂ ಒಂದೊಂದು ವೃತ್ತವನ್ನು ಬರೆದನು. ಬರಿಯ ವೃತ್ತವೆಂದರೆ ಆಮ್ಲಜನಕ. ನಡುವೆ ಚುಕ್ಕೆಯಿಟ್ಟ ವೃತ್ತವೆಂದರೆ ಜಲಜನಕ. ಕಪ್ಪು ತುಂಬಿದ ವೃತ್ತವೆಂದರೆ ಇಂಗಾಲ. ನೋಡುವುದಕ್ಕೆ ಇವು ಅಂದವಾಗಿದ್ದವು. ಆದರೆ ಮೂಲವಸ್ತುಗಳ ಸಂಖ್ಯೆ ಏರಿದಂತೆಲ್ಲ ವೃತ್ತಗಳನ್ನು ನೆನಪಿನಲ್ಲಿಡುವುದೂ ಅಚ್ಚು ಹಾಕಿಸುವುದೂ ತೊಡಕಾಯಿತು.

ಈ ತೊಡಕನ್ನು ಬಿಡಿಸಿದವನು ಸ್ವೀಡನ್ ದೇಶದ ಯಾಕೋಬ್ ಬರ್ಜೀಲಿಯಸ್. ಮೂಲವಸ್ತುವಿನ ಲ್ಯಾಟಿನ್ ಹೆಸರಿನ ಮೊದಲನೆಯ ಅಕ್ಷರವೇ ಅದರ ಸಂಕೇತವಾಗಲಿ, ಎರಡು ಹೆಸರುಗಳು ಒಂದೇ ಅಕ್ಷರದಿಂದ ಆರಂಭವಾದರೆ ಇನ್ನೊಂದು ಅಕ್ಷರವನ್ನು ಸೇರಿಸೋಣ ಎಂದು ಅವನು 1813–14ರಲ್ಲಿ ಸೂಚಿಸಿದನು. ಚಿನ್ನದ ಸಂಕೇತ 'ಎಯು' ಆದದ್ದು ಔರಮ್ ಎಂಬ ಹೆಸರಿನಿಂದ. ಕಬ್ಬಿಣದ 'ಎಫ್‌ಇ' ಬಂದದ್ದು ಫೆರಮ್ ಎಂಬುದರಿಂದ. ಸೋಡಿಯಮಿನ 'ಎನ್‌ಎ' ಬಂದದ್ದು ನೇಟ್ರಿಯಮ್ ಎಂಬುದರಿಂದ. ವಿಚಿತ್ರವೆಂದರೆ ಡಾಲ್ಟನ್ನನಿಗೆ ಈ ಅಕ್ಷರಗಳು ಕೊನೆಯವರೆಗೂ ಹಿಡಿಸಲಿಲ್ಲ. ಇವನ್ನು ಕಲಿಯುವುದೂ ಹೀಬ್ರೂ ಭಾಷೆಯನ್ನು ಕಲಿಯುವುದೂ ವಿದ್ಯಾರ್ಥಿಗೆ ಒಂದೇ ಎಂಬ ಅರ್ಥದಲ್ಲಿ ಅವನು ದೂರಿದನು. ಆದರೂ ಪ್ರಪಂಚವು ಬರ್ಜೀಲಿಯಸನ ಮಾರ್ಗವನ್ನೇ ಹಿಡಿಯಿತು.

ಇಲ್ಲಿ ವಾಚಕರಿಗೆ ಒಂದು ಸೂಚನೆ. ಈ ಸಂಕೇತಗಳನ್ನು ಎಲ್ಲ ದೇಶಗಳಲ್ಲಿಯೂ ರೋಮನ್ ಲಿಪಿಯಲ್ಲಿಯೇ ಬರೆಯುವುದು ರೂಢಿ. ಈ ಲೇಖನದಲ್ಲಿ ಆ ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದೆ. ಜಲಜನಕವು 'ಎಚ್', ಆಮ್ಲಜನಕವು 'ಓ', ಇಂಗಾಲವು 'ಸಿ', ಸಾರಜನಕವು 'ಎನ್', ಕ್ಯಾಲ್ಸಿಯಮ್ 'ಸಿಎ'. ಇವಿಷ್ಟು ನಮಗೆ ಸಾಕು.

ಸಂಕೇತವೆಂದರೆ ಕೇವಲ ಸಂಕ್ಷೇಪವಾದ ಹೆಸರಲ್ಲ. 'ಓ' ಎಂದು ಬರೆದಾಗ ಅದು ಆಮ್ಲಜನಕವೆಂಬ ಮೂಲವಸ್ತುವನ್ನು ಸೂಚಿಸುತ್ತದೆ. ಆ ವಸ್ತುವಿನ ಒಂದು ಪರಮಾಣುವನ್ನು ಸೂಚಿಸುತ್ತದೆ. ಆ ಪರಮಾಣುವಿನ ತೂಕವನ್ನೂ ಸೂಚಿಸುತ್ತದೆ. ಜಲಜನಕದ ಪರಮಾಣುವಿನ ತೂಕವನ್ನು 1 ಎಂದಿಟ್ಟುಕೊಂಡರೆ ಸ್ಥೂಲವಾಗಿ ಇಂಗಾಲದ್ದು 12, ಸಾರಜನಕದ್ದು 14, ಆಮ್ಲಜನಕದ್ದು 16. ಈ ಮೂರನೆಯ ಅರ್ಥವೇ ಮುಂದೆ ನಮ್ಮ ಸಿಲಿಂಡರಿನ ಲೆಕ್ಕಕ್ಕೆ ಬೀಗದ ಕೈಯಾಗುವುದು.

ನೀರಿನ ಸೂತ್ರದ ಎರಡು

ಸಂಕೇತಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಬರೆದರೆ ಸಂಯುಕ್ತ ವಸ್ತುವಿನ ಸೂತ್ರವಾಗುತ್ತದೆ. ನೀರಿನ ಸೂತ್ರ ಎಚ್₂ಓ. ಎಚ್ ಎಂಬುದರ ಕೆಳಗೆ ಬಲಕ್ಕಿರುವ ಪುಟ್ಟ 2, ನೀರಿನ ಒಂದು ಅಣುವಿನಲ್ಲಿ ಜಲಜನಕದ ಎರಡು ಪರಮಾಣುಗಳಿವೆ ಎಂದು ಹೇಳುತ್ತದೆ. ಓ ಎಂಬುದರ ಕೆಳಗೆ ಅಂಕಿಯಿಲ್ಲದಿದ್ದರೆ ಒಂದು ಎಂದೇ ಅರ್ಥ. ಇಂದು ಬಾಲಕರೂ ಲೀಲಾಜಾಲವಾಗಿ ಬರೆಯುವ ಆ 2, ವಿಜ್ಞಾನಿಗಳ ಕೈಗೆ ನಿಸ್ಸಂದೇಹವಾಗಿ ದೊರೆಯಲು ಅರ್ಧ ಶತಮಾನ ಹಿಡಿಯಿತು.

ನೀರಿನಲ್ಲಿ 1 ಭಾಗ ತೂಕದ ಜಲಜನಕಕ್ಕೆ 8 ಭಾಗ ತೂಕದ ಆಮ್ಲಜನಕವಿರುತ್ತದೆ ಎಂಬುದನ್ನು ತಕ್ಕಡಿ ತೋರಿಸಬಲ್ಲುದು. ಆದರೆ ಎಷ್ಟು ಪರಮಾಣುಗಳಿವೆ ಎಂಬುದನ್ನು ತಕ್ಕಡಿಯೊಂದೇ ತೋರಿಸಲಾರದು. ಡಾಲ್ಟನ್ ಸರಳತೆಯನ್ನು ನೆಚ್ಚಿದನು. ಎರಡು ಮೂಲವಸ್ತುಗಳ ಒಂದೇ ಒಂದು ಸಂಯುಕ್ತವು ತಿಳಿದಿರುವಾಗ, ಅದರಲ್ಲಿ ಒಂದಕ್ಕೆ ಒಂದರಂತೆ ಪರಮಾಣುಗಳಿವೆ ಎಂದು ಭಾವಿಸಿದನು. ಆ ಲೆಕ್ಕದಲ್ಲಿ ನೀರಿನ ಸೂತ್ರ ಎಚ್‌ಓ ಆಗಬೇಕು. ಆಮ್ಲಜನಕದ ಪರಮಾಣು ತೂಕ 8 ಆಗಬೇಕು. ಅವನ ಕಾಲದ ಅಳತೆಗಳು ಸೂಕ್ಷ್ಮವಾಗಿರಲಿಲ್ಲವಾದ್ದರಿಂದ 1808ರಲ್ಲಿ ಅವನು 7 ಎಂದು ಬರೆದನು.

ಅದೇ ವರ್ಷ ಫ್ರಾನ್ಸಿನ ಗೇ ಲ್ಯೂಸಾಕ್ ಬೇರೊಂದು ಸಂಗತಿಯನ್ನು ಮುಂದಿಟ್ಟನು. ಅನಿಲಗಳನ್ನು ತೂಕದಿಂದಲ್ಲದೆ ಗಾತ್ರದಿಂದ ಅಳೆದರೆ, 2 ಪಾಲು ಜಲಜನಕವು 1 ಪಾಲು ಆಮ್ಲಜನಕದೊಡನೆ ಕೂಡಿ 2 ಪಾಲು ನೀರಾವಿಯಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಸಂಖ್ಯೆಗಳು ಆಕಸ್ಮಿಕವಾಗಿ ಬರುವುದು ಸಾಧ್ಯವೆ? 1811ರಲ್ಲಿ ಇಟಲಿಯ ಅವೊಗಾಡ್ರೊ ಇದಕ್ಕೆ ಸಮಾಧಾನ ಹೇಳಿದನು. ಒಂದೇ ಉಷ್ಣತೆ ಮತ್ತು ಒಂದೇ ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂಬುದೇ ಅವನ ಊಹೆ. ಇದನ್ನು ಒಪ್ಪಿದರೆ, 1 ಪಾಲು ಆಮ್ಲಜನಕದಲ್ಲಿದ್ದ ಅಣುಗಳ ಎರಡರಷ್ಟು ಅಣುಗಳು 2 ಪಾಲು ನೀರಾವಿಯಲ್ಲಿರಬೇಕು. ಆ ಪ್ರತಿಯೊಂದು ಅಣುವಿನಲ್ಲಿಯೂ ಆಮ್ಲಜನಕವಿದೆ. ಆದ್ದರಿಂದ ಆಮ್ಲಜನಕದ ಒಂದೊಂದು ಅಣುವೂ ಎರಡು ಹೋಳಾಗಿ ಹಂಚಿಹೋಗಿರಲೇಬೇಕು. ಎಂದರೆ ಆಮ್ಲಜನಕ ಅನಿಲದ ಸೂತ್ರ ಓ ಅಲ್ಲ, ಓ₂. ಅದೇ ರೀತಿ ಜಲಜನಕ ಅನಿಲವು ಎಚ್₂, ನೀರು ಎಚ್₂ಓ, ಆಮ್ಲಜನಕದ ಪರಮಾಣು ತೂಕ 8 ಅಲ್ಲ, 16.

ಒಂದೇ ಜಾತಿಯ ಎರಡು ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ ಎಂಬ ಮಾತು ಆಗಿನ ಪಂಡಿತರಿಗೆ ರುಚಿಸಲಿಲ್ಲ. ಅವೊಗಾಡ್ರೊನ ಊಹೆ ಮೂಲೆಗೆ ಬಿದ್ದಿತು. ಅದರ ಫಲವಾಗಿ ಒಬ್ಬರ ಸೂತ್ರ ಇನ್ನೊಬ್ಬರಿಗೆ ಅರ್ಥವಾಗದ ಸ್ಥಿತಿ ಬಂದಿತು. ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಬೇರೆ ಬೇರೆ ಸೂತ್ರಗಳನ್ನು ಜರ್ಮನಿಯ ಕೆಕ್ಯೂಲೆ 1861ರ ತನ್ನ ಪಠ್ಯಗ್ರಂಥದಲ್ಲಿ ಪಟ್ಟಿ ಮಾಡಿದ್ದಾನೆ. ಈ ಗೊಂದಲವನ್ನು ನಿವಾರಿಸಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನವಿಜ್ಞಾನಿಗಳ ಸಮ್ಮೇಳನ ನೆರೆಯಿತು. ಅಲ್ಲಿ ಇಟಲಿಯ ಕ್ಯಾನಿಜಾರೊ, ತನ್ನ ದೇಶದವನಾದ ಅವೊಗಾಡ್ರೊನ ಊಹೆಯನ್ನು ಎತ್ತಿ ಹಿಡಿದು, ಅದರ ನೆರವಿನಿಂದ ಪರಮಾಣು ತೂಕಗಳೆಲ್ಲ ಹೇಗೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂಬುದನ್ನು ತೋರಿಸಿದನು. ಅವನ ಕಿರುಹೊತ್ತಗೆಯನ್ನು ಅಲ್ಲಿ ನೆರೆದವರಿಗೆ ಹಂಚಲಾಯಿತು. ಆ ಸಭೆಯಲ್ಲಿದ್ದ ತರುಣರಲ್ಲಿ ರಷ್ಯದ ಮೆಂಡಲೀವನೂ ಒಬ್ಬ. ಸರಿಯಾದ ಪರಮಾಣು ತೂಕಗಳು ಕೈಸೇರಿದ ಮೇಲೆ 1869ರಲ್ಲಿ ಅವನ ಆವರ್ತ ಕೋಷ್ಟಕ ಹೊರಬಂದಿತು.

ಅವೊಗಾಡ್ರೊ ಇದನ್ನೆಲ್ಲ ನೋಡಲಿಲ್ಲ. ಅವನು 1856ರಲ್ಲಿಯೇ ತೀರಿಕೊಂಡಿದ್ದನು.

ಎರಡು ಬಗೆಯ ಅಂಕಿಗಳು

ಇನ್ನು ಸಮೀಕರಣಕ್ಕೆ ಬರೋಣ. ಅಕ್ಕಸಾಲಿಗನಿಗೆ ಹಳೆಯ ಒಡವೆಗಳನ್ನು ಕೊಟ್ಟು ಹೊಸತನ್ನು ಮಾಡಿಸಿಕೊಳ್ಳುವವರು ಕೊಟ್ಟ ಚಿನ್ನವೆಷ್ಟು, ಮರಳಿ ಬಂದ ಚಿನ್ನವೆಷ್ಟು ಎಂದು ತೂಗಿ ನೋಡುತ್ತಾರಷ್ಟೆ. ಬಳೆಯು ಸರವಾಗಬಹುದು, ಸರವು ಓಲೆಯಾಗಬಹುದು. ಚಿನ್ನ ಮಾತ್ರ ಹೆಚ್ಚಕೂಡದು, ಕಡಿಮೆಯಾಗಕೂಡದು. ರಾಸಾಯನಿಕ ಕ್ರಿಯೆಯಲ್ಲಿಯೂ ಹಾಗೆಯೇ. ಅಣುಗಳು ಒಡೆದು ಹೊಸ ಅಣುಗಳಾಗುತ್ತವೆ. ಪರಮಾಣುಗಳು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ. ಕ್ರಿಯೆಗೆ ಮುಂಚಿನ ಒಟ್ಟು ತೂಕವೂ ಕ್ರಿಯೆಯ ತರುವಾಯದ ಒಟ್ಟು ತೂಕವೂ ಸಮನಾಗಿರುತ್ತವೆ ಎಂಬುದನ್ನು ಫ್ರಾನ್ಸಿನ ಲವಾಸಿಯೆ ಎಚ್ಚರಿಕೆಯಿಂದ ತೂಗಿ ತೋರಿಸಿ, 1789ರ ತನ್ನ ಗ್ರಂಥದಲ್ಲಿ ಶಾಸ್ತ್ರದ ಅಡಿಗಲ್ಲನ್ನಾಗಿ ಇಟ್ಟನು. ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ಅವನು ಬೀಜಗಣಿತದ ಸಮೀಕರಣದಂತೆ ಬರೆದು ತೋರಿಸಿದ್ದಾನೆ.

ಜಲಜನಕ ಉರಿದು ನೀರಾಗುವುದನ್ನು ಮೊದಲು ಹೀಗೆ ಬರೆಯೋಣ:

ಎಚ್₂ + ಓ₂ → ಎಚ್₂ಓ

ಎಡಗಡೆಯಲ್ಲಿ ಆಮ್ಲಜನಕದ ಪರಮಾಣುಗಳು ಎರಡು, ಬಲಗಡೆಯಲ್ಲಿ ಒಂದು. ಒಂದು ಪರಮಾಣುವಿನ ಲೆಕ್ಕ ಸಿಕ್ಕಲಿಲ್ಲ. ಆತುರದ ವಿದ್ಯಾರ್ಥಿ ತಟ್ಟನೆ ಬಲಗಡೆಯ ಓ ಕೆಳಗೆ 2 ಎಂದು ಗೀಚಿ, ಎಚ್₂ಓ₂ ಎಂದು ಬರೆದು, ಎರಡು ಕಡೆಯೂ ಸರಿಹೋಯಿತೆಂದು ಸಂತೋಷಪಡುತ್ತಾನೆ. ಪರಮಾಣುಗಳ ಲೆಕ್ಕವೇನೋ ಸರಿಹೋಯಿತು. ಆದರೆ ಅಲ್ಲಿ ನೀರೇ ಇಲ್ಲ! ಎಚ್₂ಓ₂ ಎಂಬುದು ಜಲಜನಕದ ಪೆರಾಕ್ಸೈಡ್. ಅದು ಬಣ್ಣಗಳನ್ನು ಕಳೆಯುವ, ಗಟ್ಟಿ ದ್ರಾವಣವಾಗಿದ್ದರೆ ಚರ್ಮವನ್ನು ಸುಡುವ ಬೇರೆಯೇ ಪದಾರ್ಥ. ಕೆಳಗಿನ ಅಂಕಿಯನ್ನು ಬದಲಾಯಿಸಿದ ಕ್ಷಣವೇ ವಸ್ತುವೇ ಬದಲಾಗಿಹೋಗುತ್ತದೆ.

ಆ ಅಂಕಿ ನಮ್ಮ ಅನುಕೂಲಕ್ಕಾಗಿ ಇಟ್ಟದ್ದಲ್ಲ, ಪ್ರಯೋಗದಿಂದ ಕಂಡುಕೊಂಡದ್ದು. ಅದನ್ನು ಮುಟ್ಟುವ ಅಧಿಕಾರ ನಮಗಿಲ್ಲ. ನಾವು ಮುಟ್ಟಬಹುದಾದದ್ದು ಸೂತ್ರದ ಮುಂದೆ ದೊಡ್ಡದಾಗಿ ಬರೆಯುವ ಅಂಕಿಯನ್ನು ಮಾತ್ರ. ಎಷ್ಟು ಅಣುಗಳು ಕ್ರಿಯೆಯಲ್ಲಿ ಪಾಲುಗೊಳ್ಳುತ್ತವೆ ಎಂಬುದನ್ನು ಅದು ಹೇಳುತ್ತದೆ. ಆದ್ದರಿಂದ ನೀರಿನ ಅಣುಗಳನ್ನು ಎರಡು ಮಾಡೋಣ. ಆಗ ಆಮ್ಲಜನಕ ಸರಿಹೋಗುತ್ತದೆ. ಜಲಜನಕದ ಪರಮಾಣುಗಳು ಬಲಗಡೆ ನಾಲ್ಕಾಗುತ್ತವೆ. ಎಡಗಡೆಯ ಜಲಜನಕದ ಅಣುಗಳನ್ನೂ ಎರಡು ಮಾಡಿದರೆ ಲೆಕ್ಕ ಮುಗಿಯಿತು:

2ಎಚ್₂ + ಓ₂ → 2ಎಚ್₂ಓ

ಗೇ ಲ್ಯೂಸಾಕನು ಅಳೆದು ಕಂಡ 2 ಪಾಲು, 1 ಪಾಲು, 2 ಪಾಲು ಎಂಬ ಸಂಖ್ಯೆಗಳೇ ಇಲ್ಲಿ ಸೂತ್ರಗಳ ಮುಂದೆ ಬಂದು ನಿಂತಿರುವುದನ್ನು ಗಮನಿಸಿರಿ. ಅದೇ ರೀತಿ ಸಾರಜನಕವೂ ಜಲಜನಕವೂ ಕೂಡಿ ಅಮೋನಿಯಾ ಆಗುವುದನ್ನು ಎನ್₂ + 3ಎಚ್₂ → 2ಎನ್‌ಎಚ್₃ ಎಂದು ಬರೆಯುತ್ತಾರೆ. ನಮ್ಮ ಹೊಲಗಳಿಗೆ ಬೀಳುವ ಯೂರಿಯಾ ಗೊಬ್ಬರದ ತಯಾರಿಕೆಗೆ ಮೊದಲ ಹೆಜ್ಜೆ ಇದು.

ಸೂತ್ರಗಳಲ್ಲಿ ಕೆಲವೊಮ್ಮೆ ಆವರಣ ಚಿಹ್ನೆಯೂ ಬರುವುದುಂಟು. ಗೋಡೆಗೆ ಬಳಿಯುವ ಅರಳಿದ ಸುಣ್ಣದ ಸೂತ್ರ ಸಿಎ(ಓಎಚ್)₂. ಆವರಣದ ಹೊರಗಿನ 2, ಒಳಗಿರುವ ಓ ಮತ್ತು ಎಚ್ ಎರಡಕ್ಕೂ ಅನ್ವಯಿಸುತ್ತದೆ, ಕ್ಯಾಲ್ಸಿಯಮಿಗೆ ಅನ್ವಯಿಸುವುದಿಲ್ಲ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ, ಮತ್ತೆ ಸುಣ್ಣಕಲ್ಲಿನ ಪದಾರ್ಥವೇ ಆಗಿ ಗಟ್ಟಿಗೊಳ್ಳುತ್ತದೆ:

ಸಿಎ(ಓಎಚ್)₂ + ಸಿಓ₂ → ಸಿಎಸಿಓ₃ + ಎಚ್₂ಓ

ಇಲ್ಲಿ ಮುಂದೆ ಯಾವ ಅಂಕಿಯೂ ಬೇಕಾಗಿಲ್ಲ. ಎಣಿಸಿ ನೋಡಿರಿ: ಎರಡು ಕಡೆಯಲ್ಲಿಯೂ ಕ್ಯಾಲ್ಸಿಯಮ್ 1, ಇಂಗಾಲ 1, ಜಲಜನಕ 2, ಆಮ್ಲಜನಕ 4.

ಒಲೆಯ ಸಮೀಕರಣ

ಅಡುಗೆ ಅನಿಲವು ಮುಖ್ಯವಾಗಿ ಬ್ಯೂಟೇನ್ ಮತ್ತು ಪ್ರೊಪೇನ್ ಎಂಬ ಎರಡು ಅನಿಲಗಳ ಮಿಶ್ರಣ. ಲೆಕ್ಕ ಸುಲಭವಾಗಲೆಂದು ಎಲ್ಲವೂ ಬ್ಯೂಟೇನ್ ಎಂದೇ ಭಾವಿಸೋಣ. ಬ್ಯೂಟೇನಿನ ಸೂತ್ರ ಸಿ₄ಎಚ್₁₀. ಧಾರಾಳವಾದ ಗಾಳಿಯಲ್ಲಿ ಉರಿದಾಗ ಅದರಲ್ಲಿರುವ ಇಂಗಾಲವು ಇಂಗಾಲದ ಡೈಆಕ್ಸೈಡೂ ಜಲಜನಕವು ನೀರೂ ಆಗುತ್ತವೆ:

ಸಿ₄ಎಚ್₁₀ + ಓ₂ → ಸಿಓ₂ + ಎಚ್₂ಓ

ಇದನ್ನು ಸರಿದೂಗಿಸುವಾಗ ಒಂದು ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಬೇರೆ ಯಾವುದರೊಡನೆಯೂ ಕೂಡದೆ ಒಂಟಿಯಾಗಿ ನಿಂತಿರುವ ಮೂಲವಸ್ತುವನ್ನು, ಇಲ್ಲಿ ಓ₂ವನ್ನು, ಕಡೆಗೆ ಬಿಡಬೇಕು. ಅದರ ಮುಂದಿನ ಅಂಕಿಯನ್ನು ಬದಲಾಯಿಸಿದರೆ ಇತರ ಯಾವ ಲೆಕ್ಕವೂ ಕೆಡುವುದಿಲ್ಲ.

ಮೊದಲು ಇಂಗಾಲ. ಎಡಗಡೆ ನಾಲ್ಕು ಪರಮಾಣುಗಳಿವೆ. ಆದ್ದರಿಂದ ಬಲಗಡೆ 4ಸಿಓ₂ ಬೇಕು. ಅನಂತರ ಜಲಜನಕ. ಎಡಗಡೆ ಹತ್ತಿವೆ, ನೀರಿನ ಒಂದು ಅಣು ಎರಡನ್ನು ಒಯ್ಯುವುದರಿಂದ 5ಎಚ್₂ಓ ಬೇಕು. ಕೊನೆಗೆ ಆಮ್ಲಜನಕ. ಬಲಗಡೆಯಲ್ಲಿ 4ಸಿಓ₂ದಲ್ಲಿ ಎಂಟು, 5ಎಚ್₂ಓದಲ್ಲಿ ಐದು, ಒಟ್ಟು ಹದಿಮೂರು. ಆದರೆ ಎಡಗಡೆಯಲ್ಲಿ ಆಮ್ಲಜನಕವು ಜೋಡಿ ಜೋಡಿಯಾಗಿ ಬರುತ್ತದೆ. ಹದಿಮೂರಕ್ಕೆ ಆರೂವರೆ ಜೋಡಿಗಳು ಬೇಕು. ಅರ್ಧ ಅಣುವನ್ನು ತರುವುದು ಹೇಗೆ? ಎಲ್ಲವನ್ನೂ ಎರಡರಿಂದ ಗುಣಿಸಿದರೆ ತೊಂದರೆ ಪರಿಹಾರವಾಗುತ್ತದೆ:

2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ

ಮುಗಿಸುವ ಮುನ್ನ ತಾಳೆ ನೋಡಲೇಬೇಕು. ಇಂಗಾಲ ಎರಡು ಕಡೆಯೂ 8. ಜಲಜನಕ ಎರಡು ಕಡೆಯೂ 20. ಆಮ್ಲಜನಕ ಎರಡು ಕಡೆಯೂ 26. ಇದೇ ಕ್ರಮದಿಂದ ಪ್ರೊಪೇನಿನ, ಎಂದರೆ ಸಿ₃ಎಚ್₈ದ, ಸಮೀಕರಣವನ್ನು ವಾಚಕರು ತಾವೇ ಸರಿದೂಗಿಸಿ ನೋಡಬಹುದು. ಒಂದು ಅಣು ಪ್ರೊಪೇನಿಗೆ ಆಮ್ಲಜನಕದ 5 ಅಣುಗಳು ಬಂದರೆ ಲೆಕ್ಕ ಸರಿಯೆಂದು ತಿಳಿಯಬೇಕು.

ಈಗ ಸಂಕೇತದ ಮೂರನೆಯ ಅರ್ಥವನ್ನು, ತೂಕವನ್ನು, ನೆನಪಿಗೆ ತಂದುಕೊಳ್ಳೋಣ. ಬ್ಯೂಟೇನಿನ ಅಣುವಿನ ತೂಕ 4 × 12 + 10, ಎಂದರೆ 58. ಎರಡು ಅಣುಗಳದು 116. ಆಮ್ಲಜನಕದ 13 ಅಣುಗಳದು 13 × 32, ಎಂದರೆ 416. ಬಲಗಡೆಯಲ್ಲಿ ಇಂಗಾಲದ ಡೈಆಕ್ಸೈಡ್ 8 × 44, ಎಂದರೆ 352. ನೀರು 10 × 18, ಎಂದರೆ 180. ಎಡಗಡೆಯ ಮೊತ್ತ 532, ಬಲಗಡೆಯ ಮೊತ್ತವೂ 532. ಜಮೆಗೂ ಖರ್ಚಿಗೂ ತಾಳೆಯಾಯಿತು.

116 ಗ್ರಾಂ ಅನಿಲಕ್ಕೆ 416 ಗ್ರಾಂ ಆಮ್ಲಜನಕವಾದರೆ 14.2 ಕಿಲೋಗ್ರಾಂ ಅನಿಲಕ್ಕೆ ಎಷ್ಟು? ತ್ರೈರಾಶಿಯಿಂದ ಸುಮಾರು 51 ಕಿಲೋಗ್ರಾಂ ಎಂದು ಬರುತ್ತದೆ. ಅದೇ ತ್ರೈರಾಶಿಯಿಂದ ಇಂಗಾಲದ ಡೈಆಕ್ಸೈಡ್ 43 ಕಿಲೋಗ್ರಾಂ, ನೀರು 22 ಕಿಲೋಗ್ರಾಂ. ಆರಂಭದಲ್ಲಿ ಹೇಳಿದ ಅಂಕಿಗಳು ಎಲ್ಲಿಂದ ಬಂದವೆಂಬುದು ಈಗ ಸ್ಪಷ್ಟವಾಯಿತು. ಕಾಣದ ಆ ಐವತ್ತೊಂದು ಕಿಲೋಗ್ರಾಂ ಸರಕನ್ನು ಒದಗಿಸಿದ್ದು ಗಾಳಿ. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 23 ಭಾಗ ಮಾತ್ರ ಆಮ್ಲಜನಕವಿರುವುದರಿಂದ, ಒಂದು ಸಿಲಿಂಡರ್ ಬರಿದಾಗುವುದರೊಳಗೆ ಕಡಮೆಯೆಂದರೂ ಸುಮಾರು 220 ಕಿಲೋಗ್ರಾಂ ಗಾಳಿ ಒಲೆಯ ಬಳಿಗೆ ಬಂದು ಹೋಗಬೇಕು.

ಹದಿಮೂರು, ಒಂಬತ್ತು, ಐದು

ಅಷ್ಟು ಗಾಳಿ ಬಾರದಿದ್ದರೆ? ಈ ಪ್ರಶ್ನೆಗೂ ಜಮಾಖರ್ಚಿನ ಪುಸ್ತಕವೇ ಉತ್ತರ ಕೊಡುತ್ತದೆ. ಜಲಜನಕ ನೀರಾಗಲಿ, ಇಂಗಾಲಕ್ಕೆ ಮಾತ್ರ, ಎರಡು ಆಮ್ಲಜನಕ ಪರಮಾಣುಗಳ ಬದಲು ಒಂದೊಂದೇ ದೊರೆಯಿತೆಂದು ಇಟ್ಟುಕೊಳ್ಳೋಣ:

2ಸಿ₄ಎಚ್₁₀ + 9ಓ₂ → 8ಸಿಓ + 10ಎಚ್₂ಓ

ಆ ಒಂದೂ ದೊರೆಯದೆ ಹೋದರೆ ಇಂಗಾಲವು ಇಂಗಾಲವಾಗಿಯೇ ಉಳಿಯುತ್ತದೆ:

2ಸಿ₄ಎಚ್₁₀ + 5ಓ₂ → 8ಸಿ + 10ಎಚ್₂ಓ

ಮೂರು ಸಮೀಕರಣಗಳೂ ಸರಿದೂಗಿವೆ. ವಾಚಕರು ಎಣಿಸಿ ನೋಡಬಹುದು. ಎಡಗಡೆಯಲ್ಲಿರುವ ವಸ್ತುಗಳೂ ಮೂರರಲ್ಲಿ ಒಂದೇ. ವ್ಯತ್ಯಾಸವಿರುವುದು ಆಮ್ಲಜನಕದ ಮುಂದಿರುವ ಅಂಕಿಯಲ್ಲಿ ಮಾತ್ರ: 13, 9, 5. ಹದಿಮೂರು ದೊರೆತರೆ ಉರಿ ಪೂರ್ಣ. ಐದೇ ದೊರೆತಲ್ಲಿ ಪಾತ್ರೆಯ ತಳಕ್ಕೆ ಮಸಿ ಹತ್ತುತ್ತದೆ. ಮಸಿಯೆಂದರೆ ಉರಿಯದೆ ಉಳಿದ ಇಂಗಾಲವೇ; ಶಾಖವನ್ನು ಕೊಡದೆ ವ್ಯರ್ಥವಾದ ಇಂಧನ. ಅದು ಕಣ್ಣಿಗೆ ಕಾಣುವುದರಿಂದ ಒಲೆಯ ರಂಧ್ರಗಳನ್ನು ಶುಚಿಮಾಡಬೇಕೆಂದು ನಮಗೆ ತಿಳಿಯುತ್ತದೆ.

ನಡುವಿನ ಒಂಬತ್ತು ಹಾಗಲ್ಲ. ಸಿಓ ಎಂಬುದು ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ಕಟುವಾಸನೆಯ ಪದಾರ್ಥವನ್ನು ಬೆರೆಸಿರುತ್ತಾರೆ. ಮೊನಾಕ್ಸೈಡಿಗೆ ಅಂಥ ಮುನ್ಸೂಚನೆ ಯಾವುದೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ ಎಂಬ ವಸ್ತು, ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಮೊನಾಕ್ಸೈಡನ್ನು ಹಿಡಿಯುತ್ತದೆ. ಹೀಗೆ ಹಿಡಿದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಕೆಲಸಕ್ಕೆ ಬಾರದಾಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಪ್ರಜ್ಞೆ ತಪ್ಪುತ್ತದೆ. ಆಮೇಲೆ ಪ್ರಾಣವೇ ಹೋಗಬಹುದು. ಸಿಓ₂ಕ್ಕೂ ಸಿಓಕ್ಕೂ ಬರವಣಿಗೆಯಲ್ಲಿರುವ ಅಂತರ ಕೆಳಗಿನ ಒಂದು ಪುಟ್ಟ ಅಂಕಿ ಮಾತ್ರ.

ಬಾಗಿಲು ಕಿಟಕಿಗಳನ್ನು ಮುಚ್ಚಿದ ಸ್ನಾನದ ಮನೆಯಲ್ಲಿ ಅನಿಲದಿಂದ ನೀರು ಕಾಯಿಸುವ ಗೀಸರ್ ಉರಿಸುವುದು ಏಕೆ ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯೊಂದನ್ನು ಊಹಿಸಿಕೊಳ್ಳಿರಿ. ಅದರಲ್ಲಿರುವ ಗಾಳಿ ಏಳೂವರೆ ಘನಮೀಟರ್. ತೂಕ ಸುಮಾರು 9 ಕಿಲೋಗ್ರಾಂ. ಅದರಲ್ಲಿ ಆಮ್ಲಜನಕ ಸುಮಾರು 2 ಕಿಲೋಗ್ರಾಂ. ಹದಿಮೂರರ ಲೆಕ್ಕದಂತೆ ಅದೆಲ್ಲವನ್ನೂ ಬಳಸಿದರೂ ಅರ್ಧ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ಅನಿಲ ಮಾತ್ರ ಉರಿಯಬಹುದು. ಅಷ್ಟು ಮುಗಿಯುವ ಬಹಳ ಮೊದಲೇ ಜ್ವಾಲೆಗೆ ಆಮ್ಲಜನಕದ ಕೊರತೆ ತಟ್ಟಿ, ಲೆಕ್ಕ ಹದಿಮೂರರಿಂದ ಒಂಬತ್ತರ ಕಡೆಗೆ ಜಾರತೊಡಗುತ್ತದೆ. ಚಳಿಯ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಇದ್ದಲಿನ ಅಗ್ಗಿಷ್ಟಿಕೆಯನ್ನು ಬಳಿಯಲ್ಲಿಟ್ಟುಕೊಂಡು ಮಲಗುವವರಿಗೂ ಇದೇ ಅಪಾಯವುಂಟು. ಅಲ್ಲಿ ಉರಿಯುವುದು ಬರಿಯ ಇಂಗಾಲ: ಗಾಳಿ ಸಾಕಷ್ಟಿದ್ದರೆ ಸಿ + ಓ₂ → ಸಿಓ₂, ಸಾಲದೆ ಹೋದರೆ 2ಸಿ + ಓ₂ → 2ಸಿಓ.

ಸಮೀಕರಣ ಹೇಳದಿರುವುದು

ಸಮೀಕರಣಕ್ಕೂ ಮಿತಿಗಳುಂಟು. ಅದು ಲೆಕ್ಕವನ್ನು ಹೇಳುತ್ತದೆಯೇ ಹೊರತು ಕ್ರಿಯೆ ನಡೆದೇ ತೀರುತ್ತದೆ ಎಂದು ಹೇಳುವುದಿಲ್ಲ. ಎಷ್ಟು ವೇಗವಾಗಿ ನಡೆಯುತ್ತದೆ ಎಂಬುದನ್ನೂ ಹೇಳುವುದಿಲ್ಲ. ಜಲಜನಕವನ್ನೂ ಆಮ್ಲಜನಕವನ್ನೂ ಬೆರೆಸಿ ಸಾಧಾರಣ ಉಷ್ಣತೆಯಲ್ಲಿ ಇಟ್ಟರೆ ಅವು ಸುಮ್ಮನೆ ಇರುತ್ತವೆ. ಒಂದು ಕಿಡಿ ತಗುಲಿದರೆ ಸಿಡಿಯುತ್ತವೆ. ಎರಡಕ್ಕೂ ಸಮೀಕರಣ ಒಂದೇ. ಜ್ವಾಲೆಯ ಒಳಗೆ ನಿಜವಾಗಿ ನಡೆಯುವ ಬದಲಾವಣೆಗಳು ಒಂದೇ ಹೆಜ್ಜೆಯಲ್ಲಿ ಮುಗಿಯುವಂಥವೂ ಅಲ್ಲ. ಮೇಲಾಗಿ ನಮ್ಮ ಒಲೆ ಯಾವಾಗಲೂ ಹದಿಮೂರು, ಒಂಬತ್ತು, ಐದು ಎಂಬ ಮೂರು ಮೆಟ್ಟಲುಗಳಲ್ಲಿಯೇ ನಿಲ್ಲುವುದಿಲ್ಲ. ಗಾಳಿ ಕಡಮೆಯಾದಂತೆ ಡೈಆಕ್ಸೈಡೂ ಮೊನಾಕ್ಸೈಡೂ ಮಸಿಯೂ ಬೆರೆತು ಬರುತ್ತವೆ. ಹಳದಿ ಬಣ್ಣದ ಜ್ವಾಲೆ ಗಾಳಿಯ ಕೊರತೆಯ ಸಾಮಾನ್ಯ ಗುರುತು. ಆದರೆ ಜ್ವಾಲೆ ನೀಲಿಯಾಗಿದೆ ಎಂಬುದೊಂದೇ ಕಾರಣದಿಂದ ಮುಚ್ಚಿದ ಕೋಣೆ ಕ್ಷೇಮವೆಂದು ನಂಬಕೂಡದು.

ಅನಿಲದ ಗೀಸರನ್ನು ಸ್ನಾನದ ಮನೆಯ ಹೊರಗೆ, ಬಯಲುಗಾಳಿ ಆಡುವೆಡೆಯಲ್ಲಿ ಇಡಿಸುವುದು ಕ್ಷೇಮ. ಒಲೆ ಉರಿಯುವಾಗ ಅಡುಗೆಮನೆಯ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಉರಿಯ ಬಳಿಯಿದ್ದವರಿಗೆ ತಲೆನೋವೋ ತಲೆಸುತ್ತೋ ಕಾಣಿಸಿದರೆ ಅವರನ್ನು ಒಡನೆಯೇ ಹೊರಗಿನ ಗಾಳಿಗೆ ಕರೆತಂದು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಾಳೆ ಒಲೆಯ ಮೇಲಿಟ್ಟ ತಣ್ಣೀರಿನ ಪಾತ್ರೆಯ ಹೊರಮೈಯಲ್ಲಿ ಮಂಜು ಕವಿದುದನ್ನು ಕಂಡಾಗ, ಸಮೀಕರಣದ ಬಲಗಡೆಯ 10ಎಚ್₂ಓ ಅದೇ ಎಂದು ಗುರುತಿಸಿ, ಎಡಗಡೆಯ ಹದಿಮೂರನ್ನು ಒಮ್ಮೆ ನೆನೆಯಿರಿ. ಸಿಲಿಂಡರನ್ನು ಮನೆಯ ಬಾಗಿಲಿಗೆ ಯಾರಾದರೂ ತಂದುಕೊಡುತ್ತಾರೆ. ಅದರ ಮೂರೂವರೆ ಪಟ್ಟು ತೂಕದ ಆಮ್ಲಜನಕವನ್ನು ಕಿಟಕಿಯೇ ಒಳಕ್ಕೆ ಬಿಡಬೇಕು.